ಟೋಟೋ ಅಂದರೆ ಯಾವ ಟೋಟೋ?

ಸಿಲಿಗುರಿಯಲ್ಲಿ ಟೋಟೋ ಹತ್ತಬಹುದು. ಟೋಕಿಯೋದಲ್ಲಿ ಟೋಟೋ ಮೇಲೆ ಕೂರಬಹುದು. ಸಿಂಗಪುರದಲ್ಲಿ ಟೋಟೋ ಆಡಿ ದುಡ್ಡು ಕಳೆಯಬಹುದು. ಬೆಂಗಳೂರಿನಲ್ಲಾದರೆ, ವಯಸ್ಸು ಮೂವತ್ತರ ಗಡಿ ದಾಟಿರಬಾರದು, ಕವಿತೆಯೂ ಒಂದಿಷ್ಟು ಚೆನ್ನಾಗಿರಬೇಕು, ಆಗ ಟೋಟೋ ಪಡೆಯಲೂಬಹುದು.

ಅಪರೂಪದ ಹೆಸರು ಅನ್ನೋಣವೆಂದರೆ ಭೂಪಟದ ತುಂಬ ಚೆಲ್ಲಿಕೊಂಡಿದೆ. ಸಾಮಾನ್ಯ ಹೆಸರು ಅನ್ನೋಣವೆಂದರೆ ನಮ್ಮ ಬೀದಿಯಲ್ಲಿ ಒಬ್ಬರಿಗೂ ಇಲ್ಲ. ಒಂದೇ ಅಕ್ಷರವನ್ನು ಎರಡು ಸಲ ಹೇಳಿದರೆ ಮುಗಿಯಿತು. ಹಲ್ಲು ಬಾರದ ಮಗುವೂ ಹೇಳುತ್ತದೆ, ಹಲ್ಲು ಬಿದ್ದ ಅಜ್ಜನೂ ಹೇಳುತ್ತಾನೆ. ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ‘ಟೋಟೋ’ ಎಂದು ಉಸುರಿದವರು ಮಾತ್ರ ಕಡಿಮೆ. ಹೆಚ್ಚಿನ ಟೋಟೋಗಳಿಗೆ ದಾಖಲೆಯಲ್ಲಿ ಬೇರೆಯೇ ಒಂದು ಗಂಭೀರ ಹೆಸರಿದೆ. ಮನೆಯವರು ಮುದ್ದಿಗೆ ಕರೆದದ್ದು ಬೀದಿಗೆ ಬಿತ್ತು, ಬೀದಿಯಿಂದ ಪತ್ರಿಕೆಗೆ ಹೋಯಿತು, ಕೊನೆಗೆ ಗಂಭೀರ ಹೆಸರೇ ಮೂಲೆ ಸೇರಿತು. ಶ್ರೀನಿವಾಸಮೂರ್ತಿಗಳು ಸಾಯುವತನಕ ಸೀನನಾಗಿ ಉಳಿಯುವುದಿಲ್ಲವೇ, ಹಾಗೆ.

ಬೆಂಗಳೂರಿನ ಟೋಟೋದಿಂದಲೇ ಶುರುಮಾಡಬಹುದು. ಸಂಗೀತ, ಸಾಹಿತ್ಯ, ಸಿನಿಮಾ ಮೂರರ ಹುಚ್ಚೂ ಇದ್ದು, ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಆಂಗಿರಸ್ ವೆಲ್ಲಾನಿ ಎಂಬ ತರುಣನನ್ನು ಹತ್ತಿರದವರು ಕರೆಯುತ್ತಿದ್ದದ್ದು ಟೋಟೋ ಎಂದು. ಅವನ ನೆನಪಿಗೆ 2004ರಲ್ಲಿ ಹುಟ್ಟಿದ ಸಂಸ್ಥೆಯ ಹೆಸರು ‘ಟೋಟೋ ಫಂಡ್ಸ್ ದಿ ಆರ್ಟ್ಸ್’. ಇನ್ನೂ ಹೆಸರು ಮಾಡಿರದ ಹುಡುಗ ಹುಡುಗಿಯರಿಗೆ ಅದು ಪುರಸ್ಕಾರ ಕೊಡುತ್ತದೆ: ಇಂಗ್ಲಿಷಿನಲ್ಲಿ ಬರೆಯುವವರಿಗೆ, ಕನ್ನಡದಲ್ಲಿ ಬರೆಯುವವರಿಗೆ, ಫೋಟೋ ತೆಗೆಯುವವರಿಗೆ, ಸ್ವಂತ ಹಾಡು ಕಟ್ಟಿ ಹಾಡುವ ಬ್ಯಾಂಡುಗಳಿಗೆ. ಕನ್ನಡದ ಹೊಸ ತಲೆಮಾರಿನ ಎಷ್ಟೋ ಕತೆಗಾರರ, ಕವಿಗಳ ಪುಸ್ತಕದ ಹಿಂಬದಿಯಲ್ಲಿ, ಫೋಟೋದ ಕೆಳಗೆ, ‘ಟೋಟೋ ಪುರಸ್ಕಾರ’ ಎಂಬ ಸಾಲು ಕಾಣಿಸುತ್ತದೆ.

ಆ ಸಾಲು ಬೆಂಗಳೂರಿನ ಸಾಹಿತ್ಯವಲಯದಲ್ಲಿ ಕಿಮ್ಮತ್ತಿನದು. ಊರಿಗೆ ಫೋನು ಮಾಡಿ ಹೇಳುವುದೇ ಕಷ್ಟ. ಅಕಾಡೆಮಿ ಪ್ರಶಸ್ತಿ ಬಂತು ಎಂದರೆ ಅಮ್ಮನಿಗೆ ಅರ್ಥವಾಗುತ್ತದೆ, ರಾಜ್ಯೋತ್ಸವ ಪ್ರಶಸ್ತಿ ಎಂದರೆ ಪಕ್ಕದ ಮನೆಯವರಿಗೂ ಅರ್ಥವಾಗುತ್ತದೆ.

“ಅಮ್ಮಾ, ಟೋಟೋ ಬಂತು.”

“ಎಲ್ಲಿಗೆ ಬಂತೋ? ಒಳಗೆ ಬಿಟ್ಕೋಬೇಡ ಮಾರಾಯ, ಕಚ್ಚೀತು.”

ಈ ಸಂಭಾಷಣೆ ಎಲ್ಲೂ ನಡೆದಿಲ್ಲದಿದ್ದರೂ ನಡೆಯಬಹುದಾದದ್ದೇ. ಅಮ್ಮನ ಊಹೆ ತೀರಾ ದಾರಿತಪ್ಪಿದ್ದೂ ಅಲ್ಲ. ಲೋಕದ ತುಂಬ ಟೋಟೋ ಎಂಬ ಹೆಸರನ್ನು ಹರಡಿದ್ದರಲ್ಲಿ ದೊಡ್ಡ ಪಾಲು ಒಂದು ನಾಯಿಯದೇ.

1900ರಲ್ಲಿ ಎಲ್. ಫ್ರಾಂಕ್ ಬಾಮ್ ಎಂಬ ಅಮೆರಿಕದ ಲೇಖಕ ‘ದಿ ವಂಡರ್‌ಫುಲ್ ವಿಝರ್ಡ್ ಆಫ್ ಓಝ್’ ಎಂಬ ಮಕ್ಕಳ ಪುಸ್ತಕ ಬರೆದ. ಅದರ ನಾಯಕಿ ಡೊರೊಥಿ. ಸುಂಟರಗಾಳಿ ಅವಳನ್ನು ಮನೆಸಮೇತ ಎತ್ತಿ ಬೇರೊಂದು ಲೋಕದಲ್ಲಿ ಒಗೆಯುವಾಗ ಜೊತೆಗಿದ್ದದ್ದು ಕಪ್ಪು ನಾಯಿಮರಿ ಟೋಟೋ. 1939ರಲ್ಲಿ ಕತೆ ಸಿನಿಮಾವಾಯಿತು. ಟೋಟೋ ಪಾತ್ರ ಮಾಡಿದ್ದು ಟೆರಿ ಎಂಬ ಹೆಣ್ಣುನಾಯಿ. ಹೆಣ್ಣು ಪಾತ್ರವನ್ನು ಗಂಡು ಮಾಡುತ್ತಿದ್ದ ಗುಬ್ಬಿ ಕಂಪನಿಯ ಕಾಲದ ನಾಟಕ ನೋಡಿದವರಿಗೆ ಈ ಅದಲುಬದಲು ಹೊಸದೇನಲ್ಲ. ಸಂಬಳ ಮಾತ್ರ ಹೊಟ್ಟೆಯುರಿಸುವಂಥದ್ದು: ವಾರಕ್ಕೆ 125 ಡಾಲರ್. ಅದೇ ಚಿತ್ರದಲ್ಲಿ ಕುಬ್ಜರ ಪಾತ್ರ ಮಾಡಿದ ಮನುಷ್ಯ ನಟರಿಗೆ ಸಿಕ್ಕಿದ್ದು ಅದರ ಅರ್ಧವೂ ಅಲ್ಲ ಎಂದು ಅವರಲ್ಲೇ ಕೆಲವರು ಕೊನೆಯವರೆಗೂ ಹೇಳಿಕೊಂಡು ತಿರುಗಿದರು. ಚಿತ್ರೀಕರಣದಲ್ಲಿ ಕಾವಲುಗಾರನ ವೇಷದವನೊಬ್ಬ ಟೆರಿಯ ಪಾದ ತುಳಿದು ಗಾಯ ಮಾಡಿದ. ವಾಸಿಯಾಗುವತನಕ ಬದಲಿ ನಾಯಿ ತಂದು ನಿಲ್ಲಿಸಿದರು. ಸಿನಿಮಾ ಎಷ್ಟು ಗೆದ್ದಿತೆಂದರೆ ಮುಂದೆ ಮಾಲೀಕ ಟೆರಿಯ ಹೆಸರನ್ನೇ ಟೋಟೋ ಎಂದು ಬದಲಾಯಿಸಿಬಿಟ್ಟ. ಸತ್ತಮೇಲೆ ಅವನ ಜಮೀನಿನಲ್ಲೇ ಹೂಳಿದ್ದರು. 1958ರಲ್ಲಿ ಹೆದ್ದಾರಿ ಹಾಯುವಾಗ ಸಮಾಧಿಯೂ ಹೋಯಿತು. ರಸ್ತೆ ಅಗಲ ಮಾಡುವವರಿಗೆ ಟೋಟೋ ಆದರೇನು, ಊರ ಬಾಗಿಲ ಅಶ್ವತ್ಥಕಟ್ಟೆಯಾದರೇನು. 2011ರಲ್ಲಿ ಅಭಿಮಾನಿಗಳು ಹಾಲಿವುಡ್‌ನ ಸಿನಿಮಾ ತಾರೆಯರ ಸ್ಮಶಾನದಲ್ಲಿ ಕಂಚಿನ ಟೋಟೋ ನಿಲ್ಲಿಸಿ ಋಣ ತೀರಿಸಿದರು.

ಭಾರತದ ಶಾಲೆಗಳಲ್ಲಿ ಓದಿದವರಿಗೆ ಇನ್ನೊಂದು ಟೋಟೋ ಗೊತ್ತಿರುತ್ತದೆ. ರಸ್ಕಿನ್ ಬಾಂಡ್ ಕತೆಯ ಆ ಕೋತಿ ಎನ್‌ಸಿಇಆರ್‌ಟಿಯ ಒಂಬತ್ತನೇ ತರಗತಿಯ ಪಠ್ಯದಲ್ಲಿ ಕುಳಿತು ಬೆಂಗಳೂರು, ಹುಬ್ಬಳ್ಳಿಯ ಸಿಬಿಎಸ್‌ಇ ಮಕ್ಕಳನ್ನೂ ನಗಿಸಿದೆ. ಕತೆ ಹೇಳುವ ಹುಡುಗನ ತಾತ ಅದನ್ನು ಟಾಂಗಾದವನಿಂದ ಐದು ರೂಪಾಯಿಗೆ ಕೊಂಡು, ಮನೆಯ ಕೋಟು, ತಟ್ಟೆ, ಪರದೆಗಳೆಲ್ಲ ಪುಡಿಯಾದಮೇಲೆ ಅದೇ ಟಾಂಗಾದವನಿಗೆ ಮೂರು ರೂಪಾಯಿಗೆ ಮಾರುತ್ತಾರೆ. ನಡುವೆ ಒಂದು ರೈಲು ಪ್ರಯಾಣವಿದೆ. ಟಿಕೆಟ್ ಕಲೆಕ್ಟರ್ ಚೀಲದೊಳಗಿನ ಟೋಟೋವನ್ನು ನೋಡಿ, ರೈಲ್ವೆ ನಿಯಮದ ಪ್ರಕಾರ ಇದು ನಾಯಿ ಎಂದು ತೀರ್ಮಾನಿಸಿ ದುಡ್ಡು ವಸೂಲಿ ಮಾಡುತ್ತಾನೆ. ಎಷ್ಟು ವಾದಿಸಿದರೂ ಕೇಳುವುದಿಲ್ಲ. ಟೋಟೋ ಎಂದಮೇಲೆ ನಾಯಿಯೇ ಇರಬೇಕು ಎಂದು ಅವನೂ ಓಝ್ ಸಿನಿಮಾ ನೋಡಿ ಬಂದಿದ್ದನೋ ಏನೋ.

ಸಿನಿಮಾ ನೋಡಿದವರಲ್ಲಿ ವಿಜ್ಞಾನಿಗಳೂ ಇದ್ದರು. ಸುಂಟರಗಾಳಿಯ ಹೊಟ್ಟೆಯೊಳಗೆ ಗಾಳಿಯ ವೇಗ, ಒತ್ತಡ ಎಷ್ಟಿರುತ್ತದೆಂದು ಅಳೆಯಲು ಅಮೆರಿಕದವರು 1980ರ ಆಸುಪಾಸಿನಲ್ಲಿ ಒಂದು ಡ್ರಮ್ಮಿನಂಥ ಯಂತ್ರ ಮಾಡಿದರು. ತೂಕ ಸುಮಾರು 180 ಕಿಲೋ. ‘ಸಾಗಿಸಬಹುದಾದ ಸುಂಟರಗಾಳಿ ವೀಕ್ಷಣಾಲಯ’ ಎಂಬರ್ಥದ ಉದ್ದ ಹೆಸರಿಟ್ಟು, ಅದರ ಮೊದಲಕ್ಷರಗಳು ಸೇರಿದರೆ ಟೋಟೋ ಆಗುವಂತೆ ನೋಡಿಕೊಂಡರು. ಕೆಲಸ ಸರಳ: ಸುಂಟರಗಾಳಿ ಬರುವ ದಾರಿಯಲ್ಲಿ ಲಾರಿಯಿಂದ ಇದನ್ನು ಇಳಿಸಬೇಕು, ತಾವು ಓಡಿಹೋಗಬೇಕು. ಸುಂಟರಗಾಳಿಗೆ ಇದರ ಮುಖ ನೋಡುವ ಮನಸ್ಸೇ ಇರಲಿಲ್ಲ. 1984ರಲ್ಲಿ ಒಮ್ಮೆ ಒಂದು ಬಡಕಲು ಸುಂಟರಗಾಳಿಯ ಅಂಚು ತಗುಲಿತು. ಯಂತ್ರ ಮಗುಚಿ ಬಿತ್ತು. ಕೆಲವು ವರ್ಷ ಹೀಗೇ ಬೆನ್ನಟ್ಟಿ ಕೊನೆಗೆ ನಿವೃತ್ತಿ ಕೊಟ್ಟರು. 1996ರ ‘ಟ್ವಿಸ್ಟರ್’ ಸಿನಿಮಾಕ್ಕೆ ಸ್ಫೂರ್ತಿ ಇದೇ ಯಂತ್ರ. ಸಿನಿಮಾದಲ್ಲಿ ಅದರ ಹೆಸರು ಡೊರೊಥಿ, ಮತ್ತು ಸಿನಿಮಾದಲ್ಲಿ ಅದು ಕೆಲಸ ಮಾಡುತ್ತದೆ.

ಇನ್ನು ಹಾಡುವ ಟೋಟೋ. 1977ರಲ್ಲಿ ಲಾಸ್ ಏಂಜಲೀಸಿನಲ್ಲಿ ಬೇರೆಯವರ ಧ್ವನಿಮುದ್ರಣಗಳಿಗೆ ಬಾಡಿಗೆಗೆ ನುಡಿಸುತ್ತಿದ್ದ ನುರಿತ ವಾದ್ಯಗಾರರು ಸೇರಿ ಒಂದು ಬ್ಯಾಂಡ್ ಕಟ್ಟಿದರು. ಹೆಸರು ಸಿಕ್ಕಿರಲಿಲ್ಲ. ಡ್ರಮ್ ನುಡಿಸುವ ಜೆಫ್ ಪೊರ್ಕಾರೊ ತಮ್ಮ ಕ್ಯಾಸೆಟ್ಟುಗಳು ಇತರರ ಕ್ಯಾಸೆಟ್ಟುಗಳ ಜೊತೆ ಕಲಸಿಹೋಗದಿರಲಿ ಎಂದು ಮೇಲೆ ‘ಟೋಟೋ’ ಎಂದು ಗೀಚಿಟ್ಟಿದ್ದ. ನಾಯಿಯ ಹೆಸರೇ. ಮದುವೆಮನೆಯಲ್ಲಿ ನಮ್ಮ ಪಾತ್ರೆ ಗುರುತಾಗಲಿ ಎಂದು ತಳದಲ್ಲಿ ಹೆಸರು ಕೆತ್ತಿಸುತ್ತೇವಲ್ಲ, ಅಷ್ಟೇ ಉದ್ದೇಶ. ಕೊನೆಗೂ ಬೇರೇನೂ ಹೊಳೆಯದೆ ಅದೇ ಉಳಿಯಿತು. ನಾಯಿಯ ಹೆಸರಿಟ್ಟುಕೊಂಡೆವು ಎಂದು ಸಂದರ್ಶನದಲ್ಲಿ ಹೇಳಲು ಸಂಕೋಚವಾಗುತ್ತದಲ್ಲ. ಬೇಸ್ ಗಿಟಾರಿನ ಡೇವಿಡ್ ಹಂಗೇಟ್ ಲ್ಯಾಟಿನ್ ತಿರುವಿಹಾಕಿ, ‘ಇನ್ ಟೋಟೋ’ ಎಂದರೆ ‘ಸಮಸ್ತವೂ’, ನಾವು ಸಮಸ್ತ ಬಗೆಯ ಸಂಗೀತವನ್ನೂ ನುಡಿಸುವವರು ಎಂದು ಭಾಷ್ಯ ಬರೆದ. ಹೆಸರು ಮೊದಲು, ವ್ಯುತ್ಪತ್ತಿ ಆಮೇಲೆ. ನಮ್ಮ ಸ್ಥಳಪುರಾಣಗಳೆಲ್ಲ ಹುಟ್ಟಿದ್ದು ಇದೇ ಕ್ರಮದಲ್ಲಿ.

ಆ ಬ್ಯಾಂಡಿಗೆ 1983ರ ಒಂದೇ ಸಂಜೆ ಆರು ಗ್ರ್ಯಾಮಿಗಳು ಬಂದವು. ಅದೇ ಗುಂಪಿನವರು ಮೈಕಲ್ ಜಾಕ್ಸನ್‌ನ ‘ಥ್ರಿಲ್ಲರ್’ ಆಲ್ಬಮ್ಮಿನಲ್ಲೂ ನುಡಿಸಿದ್ದಾರೆ. ಜನರ ಬಾಯಲ್ಲಿ ಉಳಿದದ್ದು ಮಾತ್ರ ‘ಆಫ್ರಿಕಾ’ ಎಂಬ ಒಂದು ಹಾಡು. ಬರೆದ ಡೇವಿಡ್ ಪೇಚ್ ಆಗ ಆಫ್ರಿಕಾ ನೋಡಿಯೇ ಇರಲಿಲ್ಲ. ಹಾಡಿನಲ್ಲಿ ಸೆರೆಂಗೆಟಿಯ ಬಯಲ ಮೇಲೆ ಕಿಲಿಮಂಜಾರೋ ಎದ್ದು ನಿಂತುಬಿಡುತ್ತದೆ. ಭೂಗೋಳದಲ್ಲಿ ಎರಡರ ನಡುವೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಹಂಪಿಯ ಬಂಡೆಗಳ ಹಿಂದೆ ಮುಳ್ಳಯ್ಯನಗಿರಿಯನ್ನು ಕಾಣಿಸಿದ ಹಾಗೆ. ಕೇಳುಗರಾರೂ ಸರ್ವೇ ನಕ್ಷೆ ಬಿಚ್ಚಲಿಲ್ಲ. 2019ರಲ್ಲಿ ನಮೀಬಿಯಾದ ಕಲಾವಿದನೊಬ್ಬ ನಮೀಬ್ ಮರುಭೂಮಿಯಲ್ಲಿ ಸೌರಶಕ್ತಿಯಿಂದ ನಡೆಯುವ ಪ್ಲೇಯರ್ ಇಟ್ಟು, ಆರು ಸ್ಪೀಕರ್ ಜೋಡಿಸಿ, ಈ ಒಂದೇ ಹಾಡು ನಿಲ್ಲದೆ ಮೊಳಗುವಂತೆ ಮಾಡಿ ಹೊರಟುಹೋದ. ಗಣೇಶೋತ್ಸವದ ಪೆಂಡಾಲಿನವರು ಕೂಡ ರಾತ್ರಿಯಾದರೆ ಆರಿಸುತ್ತಾರೆ.

ಇಟಲಿಗೆ ಬಂದರೆ ಟೋಟೋಗಳ ಜಾತ್ರೆಯೇ. ಅಲ್ಲಿ, ಅದರಲ್ಲೂ ನೇಪಲ್ಸ್ ಮತ್ತು ಸಿಸಿಲಿಯ ಕಡೆ, ಆಂತೋನಿಯೋ ಆದರೂ ಟೋಟೋ, ಸಾಲ್ವತೋರೆ ಆದರೂ ಟೋಟೋ. ಅವರ ಉಚ್ಚಾರಣೆಯಲ್ಲಿ ‘ತೊತೊ’ ಎನ್ನುವುದಕ್ಕೆ ಹತ್ತಿರ. ‘ಸಿನಿಮಾ ಪ್ಯಾರಡೈಸೋ’ ನೋಡಿದವರಿಗೆ ಪ್ರೊಜೆಕ್ಟರ್ ಕೋಣೆಯ ಆ ಪುಟ್ಟ ಹುಡುಗ ನೆನಪಿರುತ್ತಾನೆ. ಅವನೂ ಸಾಲ್ವತೋರೆ, ಅವನೂ ಟೋಟೋ. ಸಿಸಿಲಿಯ ಮಾಫಿಯಾದ ಅತಿ ಕ್ರೂರ ದೊರೆ ಸಾಲ್ವತೋರೆ ರೀನಾ ಇಪ್ಪತ್ತಮೂರು ವರ್ಷ ಪೊಲೀಸರ ಕೈಗೆ ಸಿಗದೆ 1993ರಲ್ಲಿ ಸಿಕ್ಕಿಬಿದ್ದ. ಅವನನ್ನೂ ಪತ್ರಿಕೆಗಳು ಕರೆದದ್ದು ಟೋಟೋ ರೀನಾ ಎಂದೇ. ಕೊತ್ವಾಲ, ಮಚ್ಚು, ಲಾಂಗು ಇತ್ಯಾದಿ ಬಿರುದುಗಳಿಗೆ ಒಗ್ಗಿದ ನಮ್ಮ ಕಿವಿಗೆ ಇದು ಅಂಗನವಾಡಿಯ ಹಾಜರಿಯಲ್ಲಿ ಇರಬೇಕಾದ ಹೆಸರು.

1990 ಆ ದೇಶದ ಟೋಟೋ ವರ್ಷ. ಮೇ ತಿಂಗಳಲ್ಲಿ ಟೋಟೋ ಕುಟೂನ್ಯೊ ಯೂರೋವಿಷನ್ ಹಾಡಿನ ಸ್ಪರ್ಧೆ ಗೆದ್ದ. ತವರಿನ ಸಾನ್ ರೆಮೋ ಸ್ಪರ್ಧೆಯಲ್ಲಿ ಎರಡನೇ ಸ್ಥಾನವನ್ನು ಗುತ್ತಿಗೆ ಹಿಡಿದವನಂತಿದ್ದ ಗಾಯಕ ಅವನು. ಒಟ್ಟು ಆರು ಸಲ ಎರಡನೆಯವನಾಗಿದ್ದಾನೆ. ಅದಾಗಿ ತಿಂಗಳೊಂದರಲ್ಲಿ ವಿಶ್ವಕಪ್ ಫುಟ್‌ಬಾಲ್ ಇಟಲಿಯಲ್ಲೇ ಶುರುವಾಯಿತು. ಮೊದಲ ಪಂದ್ಯದಲ್ಲಿ ಆಸ್ಟ್ರಿಯಾ ಎದುರು ಗೋಲೇ ಇಲ್ಲ, ಗ್ಯಾಲರಿಯಲ್ಲಿ ಗೊಣಗಾಟ. ಕೊನೆಯ ಕಾಲು ಗಂಟೆಗೆ ಬೆಂಚಿನಿಂದ ಎಬ್ಬಿಸಿ ಕಳಿಸಿದ್ದು ಪಾಲೆರ್ಮೋದ ಬಡ ಮನೆಯ ಟೋಟೋ ಸ್ಕಿಲಾಚಿಯನ್ನು. ಇಳಿದ ಕೆಲವೇ ನಿಮಿಷಕ್ಕೆ ತಲೆಯಿಂದ ಗುದ್ದಿ ಗೋಲು ಹೊಡೆದು, ತಾನೇ ನಂಬದವನಂತೆ ಕಣ್ಣು ಇಷ್ಟಗಲ ಮಾಡಿಕೊಂಡು ಓಡಿದ. ಆ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, ಆರು ಗೋಲು, ಅವನದೇ. ಇಟಲಿಯ ಜನ ಫುಟ್‌ಬಾಲ್ ಫಲಿತಾಂಶದ ಮೇಲೆ ಕಟ್ಟುವ ಬಾಜಿಯ ಹೆಸರೂ ‘ಟೋಟೋಕಾಲ್ಚೋ’ ಎನ್ನುವುದು ಬೇರೆ. ಅಲ್ಲಿಯ ಟೋಟೋ ಸಾಲ್ವತೋರೆಯದಲ್ಲ, ಬಾಜಿ ಲೆಕ್ಕ ಹಾಕುವ ಟೋಟಲೈಸೇಟರ್ ಯಂತ್ರದ್ದು. ಸಿಂಗಪುರದಲ್ಲಿ 1968ರಿಂದ ನಡೆದುಬಂದ ಟೋಟೋ ಲಾಟರಿಯೂ ಅದೇ ವಂಶ. ಬೆಂಗಳೂರಿನ ರೇಸ್‌ಕೋರ್ಸಿನ ‘ಟೋಟ್’ ಕಿಟಕಿಯೆದುರು ಸಂಬಳ ಇಳಿಸಿ ಬಂದವರಿಗೆ ಈ ವಂಶವೃಕ್ಷ ವಿವರಿಸಬೇಕಾಗಿಲ್ಲ.

ಇವರೆಲ್ಲರಿಗೂ ಹಿರಿಯ ಟೋಟೋ ಒಬ್ಬನಿದ್ದಾನೆ. 1898ರಲ್ಲಿ ನೇಪಲ್ಸಿನ ಸಾನಿತಾ ಎಂಬ ಬಡಕೇರಿಯಲ್ಲಿ ಹುಟ್ಟಿದ ಆಂತೋನಿಯೋ. ಸೊಟ್ಟ ಗದ್ದ, ಬೊಂಬೆಯ ಹಾಗೆ ಕೀಲು ಕೀಲಾಗಿ ಆಡುವ ಮೈ. ಇಟಲಿಯ ಸಿನಿಮಾ ಕಂಡ ಅತಿ ದೊಡ್ಡ ಹಾಸ್ಯನಟ. ಹತ್ತಿರ ಹತ್ತಿರ ನೂರು ಚಿತ್ರಗಳಲ್ಲಿ ನಟಿಸಿದ. ಡಜನುಗಟ್ಟಲೆ ಚಿತ್ರಗಳ ಶೀರ್ಷಿಕೆಯಲ್ಲೇ ಅವನ ಹೆಸರಿದೆ. ಒಂದು ಚಿತ್ರದಲ್ಲಂತೂ ರೋಮ್ ನಗರದ ಪ್ರಸಿದ್ಧ ಟ್ರೆವಿ ಕಾರಂಜಿಯನ್ನು ಪ್ರವಾಸಿಯೊಬ್ಬನಿಗೆ ಮಾರಿಬಿಡುತ್ತಾನೆ, ಬೆಂಗಳೂರಿನಲ್ಲಿ ಕೆರೆಯಂಗಳದ ಸೈಟು ಮಾರಿದವರು ತಲೆಬಾಗಬೇಕಾದ ಚಾಕಚಕ್ಯತೆಯಿಂದ.

ಜಗತ್ತೆಲ್ಲ ಎರಡಕ್ಷರದಲ್ಲಿ ಕರೆಯುತ್ತಿದ್ದ ಈ ಮನುಷ್ಯನಿಗೆ ಉದ್ದ ಹೆಸರಿನ ತೀರದ ಆಸೆ. ಮದುವೆಯಾಗದ ತಾಯಿಯ ಮಗನಾಗಿ ಹುಟ್ಟಿ, ಚಿಕ್ಕಂದಿನಲ್ಲಿ ಅದರ ಮಾತು ಕೇಳಿ ಬೆಳೆದವನು. 1933ರಲ್ಲಿ, ಮೂವತ್ತೈದನೇ ವಯಸ್ಸಿನಲ್ಲಿ, ಒಬ್ಬ ಮುದಿ ಮಾರ್ಕ್ವಿಸನಿಗೆ ದತ್ತುಹೋದ. ಆಮೇಲೆ ಕೋರ್ಟಿಗೆ ಓಡಾಡಿ, ತಾನು ಬೈಜಾಂಟಿಯಮ್ ಸಾಮ್ರಾಟರ ವಂಶದವನೆಂದು ದಾಖಲೆ ಮಾಡಿಸಿಕೊಂಡು, ಗ್ರಿಫೋ, ಫೋಕಾಸ್, ಫ್ಲಾವಿಯೋ, ಡೂಕಾಸ್, ಕೊಮ್ನೆನೋ, ಗಲ್ಯಾರ್ದಿ ಎಂದು ಹೆಸರಿನ ರೈಲಿಗೆ ಬೋಗಿಯ ಮೇಲೆ ಬೋಗಿ ಜೋಡಿಸಿದ. ರಾಜಕುಮಾರ ಎಂದು ಕರೆಯಬೇಕೆಂಬ ಅಪೇಕ್ಷೆಯೂ ಇತ್ತು. ನಗಿಸುವುದು ಅವನ ಕಸುಬು, ಇದೊಂದರಲ್ಲಿ ಅವನು ನಗಲಿಲ್ಲ. ನಾವೂ ಪೂರ್ತಿ ನಗುವುದು ಸರಿಯಲ್ಲ. ಜನ ಮಾತ್ರ ಟೋಟೋ ಎನ್ನುವುದನ್ನು ಬಿಡಲಿಲ್ಲ.

1967ರ ಏಪ್ರಿಲ್‌ನಲ್ಲಿ ಅವನು ತೀರಿಕೊಂಡಾಗ ಮೂರು ಶವಸಂಸ್ಕಾರಗಳಾದವು. ಒಂದು, ಸತ್ತ ಊರಾದ ರೋಮ್‌ನಲ್ಲಿ. ಎರಡನೆಯದು ನೇಪಲ್ಸಿನಲ್ಲಿ, ಜನಸಾಗರದ ನಡುವೆ. ಹುಟ್ಟಿದ ಕೇರಿಯವರಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ನಮ್ಮ ಟೋಟೋವನ್ನು ನಮ್ಮ ಇಗರ್ಜಿಯಿಂದ ಕಳಿಸಬೇಡವೇ ಎಂದು ಅಲ್ಲಿಯ ದಾದಾ ಒಬ್ಬ ಮುಂದೆ ನಿಂತು ಮೇ ತಿಂಗಳಲ್ಲಿ ಮೂರನೆಯದು ನಡೆಸಿದ. ಹೆಣ ಆಗಲೇ ಮಣ್ಣು ಸೇರಿದ್ದರಿಂದ ಈ ಸಲ ಖಾಲಿ ಪೆಟ್ಟಿಗೆ. ಅತ್ತವರ ಸಂಖ್ಯೆಗೆ ಅದರಿಂದ ಕುಂದಾಗಲಿಲ್ಲ.

ಫಾರ್ಮುಲಾ ಒನ್ ರೇಸಿನಲ್ಲಿ ಮರ್ಸಿಡಿಸ್ ತಂಡದ ಯಜಮಾನಿಕೆ ಮಾಡುವ ಟೋಟೋ ವೋಲ್ಫ್ ವಿಯೆನ್ನಾದವನು, ಪೂರ್ತಿ ಹೆಸರು ಟೋರ್ಗರ್. 2014ರಿಂದ 2021ರವರೆಗೆ ಎಂಟು ಬಾರಿ ಒಂದೇ ಸಮನೆ ತಂಡದ ಪಟ್ಟ ಗೆದ್ದರೂ, ಹೋಟೆಲಿನ ಬಚ್ಚಲುಮನೆಗೆ ಹೋದರೆ ಅಲ್ಲಿ ಅವನ ಹೆಸರು ಕಮೋಡಿನ ಮೇಲೆ ಕಾಣುತ್ತದೆ. ಅದೇ ಜಪಾನಿನ ಟೋಟೋ. 1917ರಲ್ಲಿ ಕೊಕುರಾ ಎಂಬಲ್ಲಿ ‘ತೋಯೋ ತೋಕಿ’ ಎಂದು ಶುರುವಾದ ಪಿಂಗಾಣಿ ಕಂಪನಿ; ಎರಡು ಶಬ್ದಗಳ ಮೂತಿ ಕತ್ತರಿಸಿ ಅಂಟಿಸಿದರೆ ಟೋಟೋ. 1980ರಲ್ಲಿ ಅವರು ತಂದ ‘ವಾಶ್‌ಲೆಟ್’ ಕೂತರೆ ಬೆಚ್ಚಗಿರುತ್ತದೆ, ಗುಂಡಿ ಒತ್ತಿದರೆ ತಾನೇ ನೀರು ಚಿಮ್ಮಿಸಿ ತೊಳೆಯುತ್ತದೆ. ಚೊಂಬು ಮತ್ತು ಎಡಗೈಯಿಂದ ಶತಮಾನಗಳಿಂದ ನಾವು ಸಾಧಿಸಿದ್ದನ್ನು ಅವರು ವಿದ್ಯುತ್ತಿನಿಂದ ಸಾಧಿಸಿದರು. ಜಪಾನಿಗೆ ಸಂಗೀತ ಕಚೇರಿಗೆ ಹೋದಾಗಲೆಲ್ಲ ‘ಆಫ್ರಿಕಾ’ ಹಾಡಿದ ಆ ಬ್ಯಾಂಡಿನವರಿಗೆ ಬೆಳಗಾಗೆದ್ದು ಯಾರ ದರ್ಶನವಾಗುತ್ತಿತ್ತೆಂದು ಊಹಿಸಬಹುದು. ಕನ್ನಡದಲ್ಲೂ ಪ್ರೀತಿಯಿಂದ ಓದಿಸಿಕೊಂಡ, ರೈಲುಬೋಗಿಯ ಶಾಲೆಗೆ ಹೋಗುವ ‘ತೊತ್ತೋಚಾನ್’ ಕೂಡ ಇದೇ ದೇಶದವಳು. ಅವಳಲ್ಲಿ ಒಂದು ಒತ್ತಕ್ಷರ ಹೆಚ್ಚಿರುವುದರಿಂದ ಈ ಬಳಗದಲ್ಲಿ ಅವಳು ನೆಂಟಳು ಮಾತ್ರ, ಪಾಲುದಾರಳಲ್ಲ.

ಜಪಾನಿನ ಟೋಟೋದವರು 2011ರಲ್ಲಿ ಒಂದು ಮೂರು ಗಾಲಿಯ ಗಾಡಿ ಮಾಡಿದರು. ಸವಾರನ ಸೀಟು ಕಮೋಡಿನದು, ಇಂಧನ ದನಕರುಗಳ ಸಗಣಿಯಿಂದ ತೆಗೆದ ಗೋಬರ್ ಗ್ಯಾಸು. ಸವಾರ ಕೂತಲ್ಲೇ ಇಂಧನ ಒದಗಿಸಬೇಕೇನೋ ಎಂದು ನೋಡಿದವರೆಲ್ಲ ಕೇಳಿದರು. ಹಾಗೇನಿಲ್ಲವೆಂದು ಕಂಪನಿ ಸ್ಪಷ್ಟೀಕರಣ ಕೊಡಬೇಕಾಯಿತು.

ಬಂಗಾಳದ ಟೋಟೋಗೂ ಮೂರೇ ಗಾಲಿ. ನಾವು ಇ-ರಿಕ್ಷಾ ಎನ್ನುವುದಕ್ಕೆ ಅಲ್ಲಿ ಟೋಟೋ. ಬ್ಯಾಟರಿಯಿಂದ ಸದ್ದಿಲ್ಲದೆ ತೆವಳುತ್ತ, ನಾಲ್ಕು ಜನರ ಜಾಗದಲ್ಲಿ ಆರು ಜನರನ್ನು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಿಸಿಕೊಂಡು, ಪಶ್ಚಿಮ ಬಂಗಾಳದ ಸಣ್ಣ ಊರುಗಳ ಸಂದಿಗೊಂದಿಗಳನ್ನೆಲ್ಲ ಆಳುತ್ತಿರುವುದು ಇದೇ. ಆದರೆ ಅದೇ ರಾಜ್ಯದ ಟೋಟೋಪಾರಾಕ್ಕೆ ಟೋಟೋದಲ್ಲಿ ಹೋಗುವೆನೆಂದು ಹೊರಡುವುದು ಜಾಣತನವಲ್ಲ. ಮದಾರಿಹಾಟ್‌ನಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದಾರಿಯಲ್ಲಿ ಗುಂಡುಕಲ್ಲು ತುಂಬಿದ ಹೊಳೆಯ ಪಾತ್ರಗಳನ್ನು ಒಂದಾದ ಮೇಲೊಂದು ದಾಟಬೇಕು. ಮಳೆಗಾಲ ಹಿಡಿದರೆ ಊರು ಹೊರಜಗತ್ತಿನಿಂದ ಕಡಿದುಕೊಂಡು ಕೂರುತ್ತದೆ.

ಹೆಸರನ್ನು ಗೀಚಿಕೊಂಡವರು, ಕತ್ತರಿಸಿಕೊಂಡವರು, ಮುದ್ದಿಗೆ ಪಡೆದವರೆಲ್ಲ ಬದಿಗೆ ಸರಿಯಬೇಕಾದದ್ದು ಇಲ್ಲಿ. ಭೂತಾನದ ಬೆಟ್ಟಗಳ ಬುಡದ ಈ ಊರಿನಲ್ಲಿರುವವರು ಟೋಟೋ ಜನಾಂಗ. 1951ರ ಜನಗಣತಿಯಲ್ಲಿ ಅವರು 321 ಮಂದಿ. ಇನ್ನು ಸ್ವಲ್ಪ ದಿನ ಎಂದು ಪಂಡಿತರು ಕೈಚೆಲ್ಲಿದ್ದರು. ಈಗ ಸುಮಾರು ಸಾವಿರದ ಆರುನೂರಿದ್ದಾರೆ. ನಮ್ಮ ಮಲೆನಾಡಿನವರನ್ನು ಕಣ್ಣುಕಟ್ಟಿ ಅಲ್ಲಿ ಬಿಟ್ಟರೆ ಗಾಬರಿಯಾಗಲಿಕ್ಕಿಲ್ಲ, ಟೋಟೋಗಳ ತೋಟ ಅಡಿಕೆಯದು. ಕೈಯಲ್ಲಿ ನಾಲ್ಕು ಕಾಸು ಆಡುವುದು ಅದರಿಂದಲೇ. ಬಯಲುಸೀಮೆಯವರಿಗೂ ನಿರಾಶೆಯಿಲ್ಲ. ಹಬ್ಬಹುಣ್ಣಿಮೆಗೆ ಅವರು ಮರದ ಲೋಟದಲ್ಲಿ ಬೆಚ್ಚಗೆ ಕೊಡುವ ‘ಇಯು’ ರಾಗಿಯನ್ನು ಹುದುಗಿಸಿ ಮಾಡಿದ್ದು. ಅಂಬಲಿಯನ್ನು ಇನ್ನೊಂದೆರಡು ಹೆಜ್ಜೆ ಧೈರ್ಯವಾಗಿ ಮುಂದಕ್ಕೆ ಒಯ್ದರೆ ಸಿಗುವ ಪದಾರ್ಥ.

ಟೋಟೋ ಭಾಷೆಗೆ ಲಿಪಿ ಇರಲಿಲ್ಲ. ಧನಿರಾಮ್ ಟೋಟೋ ಎಂಬವರು ಕೂತು ಒಂದು ಲಿಪಿ ರೂಪಿಸಿದರು. 2021ರಲ್ಲಿ ಅದು ಯೂನಿಕೋಡ್ ಪಟ್ಟಿಗೂ ಸೇರಿತು. 2023ರಲ್ಲಿ ಅವರಿಗೆ ಸಾಹಿತ್ಯ ಮತ್ತು ಶಿಕ್ಷಣ ವಿಭಾಗದಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ, ಅದೇ ವಿಭಾಗದಲ್ಲಿ ನಮ್ಮ ಎಸ್.ಎಲ್. ಭೈರಪ್ಪನವರಿಗೆ ಪದ್ಮಭೂಷಣ. ಭೈರಪ್ಪನವರ ಯಾವುದಾದರೂ ಕಾದಂಬರಿಯ ಒಂದು ಮುದ್ರಣವನ್ನು ಟೋಟೋಪಾರಾದಲ್ಲಿ ಇಳಿಸಿದರೆ ಕೂಸಿನಿಂದ ಹಿಡಿದು ಮುದುಕರವರೆಗೆ ತಲೆಗೊಂದು ಕೊಟ್ಟಮೇಲೂ ಬಹುಶಃ ಕಟ್ಟುಗಳು ಉಳಿದಾವು. ಅಷ್ಟು ಕಡಿಮೆ ಓದುಗರಿಗಾಗಿ ಒಬ್ಬ ಮನುಷ್ಯ ವರ್ಣಮಾಲೆಯನ್ನೇ ಕಟ್ಟಿದ್ದಾರೆ.

ಅಲ್ಲಿನ ಶಾಲೆಯ ಹೆಸರು ಧನಪತಿ ಟೋಟೋ ಸ್ಮಾರಕ ಪ್ರೌಢಶಾಲೆ. ನಮ್ಮ ಕಡೆ ತರಗತಿಯಲ್ಲಿ ಮೂವರು ಮಂಜುನಾಥರಿದ್ದರೆ ಮೇಷ್ಟ್ರು ಎಂ. ಮಂಜುನಾಥ, ಕೆ. ಮಂಜುನಾಥ ಎಂದು ಇನಿಷಿಯಲ್ ಹಿಡಿದು ದಾರಿ ಮಾಡಿಕೊಳ್ಳುತ್ತಾರೆ. ಇಲ್ಲಿ ಕುಲನಾಮ ಹಿಡಿದು ‘ಟೋಟೋ’ ಎಂದು ಕೂಗಿದರೆ ಬೆಂಚಿಗೆ ಬೆಂಚೇ ಎದ್ದು ನಿಲ್ಲುತ್ತದೆ. ತಮ್ಮೊಳಗೆ ಗುರುತಿಗೆ, ಗಂಡುಹೆಣ್ಣು ಕೂಡಿಸುವಾಗ ಬಳಿ ನೋಡಲಿಕ್ಕೆ, ಅವರಿಗೆ ಹದಿಮೂರು ಬೆಡಗುಗಳಿವೆ. ಒಂದೇ ಬೆಡಗಿನಲ್ಲಿ ಮದುವೆಯಿಲ್ಲ. ಸರ್ಕಾರಿ ಅರ್ಜಿಯಲ್ಲಿ ಬೆಡಗಿಗೆ ಕಾಲಂ ಇರುವುದಿಲ್ಲ. ಹಾಗಾಗಿ ಪಟ್ಟಣದ ಕಚೇರಿಯ ಗುಮಾಸ್ತ ಕನ್ನಡಕ ಏರಿಸಿಕೊಂಡು ಅಲ್ಲಿಂದ ಬಂದ ಅರ್ಜಿ ತುಂಬಲು ಕೂತರೆ: ಮನೆತನದ ಹೆಸರು, ಟೋಟೋ. ತಂದೆಯ ಮನೆತನ, ಟೋಟೋ. ತಾಯಿಯದು, ಟೋಟೋ. ಪಂಗಡ, ಟೋಟೋ. ಮಾತೃಭಾಷೆ, ಟೋಟೋ. ಲಿಪಿ, ಟೋಟೋ. ಊರು, ಟೋಟೋಪಾರಾ. ಓದಿದ ಶಾಲೆ… ಅಷ್ಟು ಹೊತ್ತಿಗೆ ಗುಮಾಸ್ತ ಪೆನ್ನು ಕೆಳಗಿಟ್ಟು, ಚಹಾ ಕುಡಿದು ಬರಲು ಎದ್ದಿರುತ್ತಾನೆ.